ಮೂರನೆಯ ವೈರು
(ಹಾಲು ಉತ್ಪಾದಕರ ಸಹಕಾರ ಸಂಘದ ಮಹಾಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಕರೆಂಟಿನ ವಿಷಯದಲ್ಲಿ ಪಂಡಿತರೇನಲ್ಲ. ಆದರೆ ಪೆಟ್ಟು ತಿಂದು ಕಲಿತ ಪಾಠ ಒಂದಿದೆ. ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅದನ್ನು ತಮ್ಮ ಮುಂದೆ ಇಡುತ್ತೇವೆ.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ನಾಡು ನಮ್ಮದು. ಇವತ್ತು ಮಿಕ್ಸಿ, ಗೀಸರ್, ಹಾಲು ಕರೆಯುವ ಯಂತ್ರ ಎಲ್ಲವೂ ಹಳ್ಳಿಗೆ ಬಂದಿವೆ. ಎಷ್ಟೋ ಮನೆಗಳಲ್ಲಿ ವೈರಿಂಗ್ ಮಾತ್ರ ಅಪ್ಪನ ಕಾಲದ್ದೇ.

ಕೊಟ್ಟಿಗೆಗೆ ಮೇವು ಕತ್ತರಿಸುವ ಯಂತ್ರ ತಂದಾಗ ಲೈಸೆನ್ಸ್ ಇದ್ದ ಗುತ್ತಿಗೆದಾರರು ಅರ್ತಿಂಗ್ ಸೇರಿಸಿ ಲೆಕ್ಕ ಹೇಳಿದರು. ಜಾಸ್ತಿ ಆಯ್ತು ಅಂತ ಅವರನ್ನು ಬಿಟ್ಟು, ಅಲ್ಪಸ್ವಲ್ಪ ಗೊತ್ತಿದ್ದ ಹುಡುಗನ ಕೈಲಿ ಎರಡೇ ವೈರು ಎಳೆಸಿದೆವು. ಮೂರನೆಯ ಹಸಿರು ವೈರು ಯಾಕೆ ದಂಡ ಅಂದವರು ನಾವೇ, ಹುಡುಗನಲ್ಲ. ಒಂದು ಮಳೆಗಾಲದ ಬೆಳಿಗ್ಗೆ ಮೋಟಾರು ಕೆಟ್ಟು ಕರೆಂಟು ಯಂತ್ರದ ಮೈಗೆ ಇಳಿದಿತ್ತು. ನೆಲ ಒದ್ದೆ. ಹಗ್ಗ ಬಿಚ್ಚಿಕೊಂಡ ಎಮ್ಮೆ ಮೇವಿಗೆ ಮೂತಿ ಹಾಕಿತು, ಅಲ್ಲೇ ಬಿತ್ತು. ಅದರ ಹಿಂದೆ ಮಂಕರಿ ಹಿಡಿದು ಬರುತ್ತಿದ್ದವರು ನಮ್ಮ ತಾಯಿ. ಎರಡೇ ಹೆಜ್ಜೆ ಹಿಂದಿದ್ದರು. ಆ ಎರಡು ಹೆಜ್ಜೆ ನೆನೆದರೆ ಇವತ್ತಿಗೂ ನಮಗೆ ನಿದ್ದೆ ಹತ್ತುವುದಿಲ್ಲ.

ಅರ್ತಿಂಗ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಗುಂಡಿ ತೋಡಿ, ಕೊಳವೆ ಹುಗಿದು, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಯಂತ್ರದ ಮೈಗೆ ವೈರು ಕೊಡುವುದು. ಸೋರಿದ ಕರೆಂಟು ಆ ದಾರಿಯಲ್ಲಿ ಹರಿದು ಫ್ಯೂಸು ಹೋಗುತ್ತದೆ, ಜೀವ ಉಳಿಯುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿದರೆ ಕಾವಲುಗಾರನ ಕೈ ಕಟ್ಟಿದ ಹಾಗೆ. ಇದರ ಜೊತೆಗೆ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಿದರೆ ಸ್ವಲ್ಪ ಸೋರಿದರೂ ಕ್ಷಣದಲ್ಲಿ ಕರೆಂಟು ಕಡಿಯುತ್ತದೆ. ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ.

ಮನೆಯಲ್ಲಿ ಯಾರಿಗಾದರೂ ಕರೆಂಟು ಹಿಡಿದರೆ ಮೈ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ತೆಗೆಯಿರಿ. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. ಹೊಲದಲ್ಲಿ ಲೈನಿನ ತಂತಿ ಬಿದ್ದಿದ್ದರೆ ಹತ್ತಿರವೇ ಹೋಗಬೇಡಿ, 1912ಕ್ಕೆ ಫೋನ್ ಮಾಡಿ.

ಇನ್ನು ಉಳಿತಾಯದ ಮಾತು. 60 ವ್ಯಾಟಿನ ಹಳೆ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕಿಗೆ 9 ವ್ಯಾಟಿನ ಎಲ್.ಇ.ಡಿ. ಹಾಕಿದರೆ ಒಂದೂವರೆ ಯೂನಿಟ್ಟೂ ಆಗದು. 2023ರಲ್ಲಿ ಬಂದ ಗೃಹಜ್ಯೋತಿ ಇದೆಯಲ್ಲಾ, ಉಳಿಸಿ ಏನು ಲಾಭ ಅನ್ನುವವರಿದ್ದಾರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಅಂಗಡಿಗೆ, ಹಿಟ್ಟಿನ ಗಿರಣಿಗೆ, ನಮ್ಮ ಸಂಘದ ಕಟ್ಟಡಕ್ಕೆ ಆ ಸೌಲಭ್ಯ ಇಲ್ಲ. ಅಲ್ಲಿ ಉಳಿದ ಯೂನಿಟ್ ಸದಸ್ಯರ ಹಣವೇ.

ಸಂಘದ ಕಟ್ಟಡದ ವೈರಿಂಗ್ ಬದಲಿಸುವಾಗ ಕಡಿಮೆ ದರದವರಿಗೇ ಕೊಡೋಣ ಎಂಬ ಮಾತು ಬಂತು. ಎರಡು ದರಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದೆವು. ವ್ಯತ್ಯಾಸ ಇದ್ದದ್ದು ಅರ್ತಿಂಗಿನಲ್ಲಿ, ಐ.ಎಸ್.ಐ. ಗುರುತಿನ ವೈರಿನಲ್ಲಿ. ನಾವು ಎದ್ದು ಎಮ್ಮೆಯ ಕಥೆ ಹೇಳಿದೆವು. ಆಮೇಲೆ ಯಾರೂ ಅಡ್ಡ ಮಾತಾಡಲಿಲ್ಲ.

ಬಲ್ಬಿನಲ್ಲಿ ಉಳಿಸಿ, ಫ್ಯಾನಿನಲ್ಲಿ ಉಳಿಸಿ, ಮೂರನೆಯ ವೈರಿನಲ್ಲಿ ಮಾತ್ರ ಉಳಿಸಬೇಡಿ. ಬರುವ ಮಳೆಗಾಲದೊಳಗೆ ಪ್ರತಿಯೊಬ್ಬ ಸದಸ್ಯರೂ ಲೈಸೆನ್ಸ್ ಇರುವವರನ್ನು ಕರೆಸಿ ಮನೆ, ಕೊಟ್ಟಿಗೆ, ಪಂಪ್‌ಸೆಟ್ಟಿನ ಅರ್ತಿಂಗ್ ನೋಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.