ಡ್ಯೂಕನ ಮಾಲಿ, ಮೇಯರರ ಕಂಪನಿ
(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ತೆರಿಗೆ ಅಂದ ಕೂಡಲೆ ನಮ್ಮ ಹುಡುಗರು ಆಕಳಿಸುತ್ತಾರೆ. "ನಾವೇನು ಇನ್‌ಕಂ ಟ್ಯಾಕ್ಸ್ ಕಟ್ಟೋರಾ? ಅದು ದುಡ್ಡಿದ್ದೋರ ತಾಪತ್ರಯ" ಅಂತಾರೆ. ಹಾಗಲ್ಲ. ನೀವು ಅಂಗಡಿಯಿಂದ ತರುವ ಮೈಸೋಪಿನ ಮೇಲೆ 2025ರ ಸೆಪ್ಟೆಂಬರ್‌ವರೆಗೆ ನೂರಕ್ಕೆ 18ರಂತೆ ಜಿಎಸ್‌ಟಿ ಇತ್ತು, ಈಗ 5 ಇದೆ. ಸೋಪು ಕೊಳ್ಳುವಾಗ ನಿಮ್ಮಪ್ಪ ಕೂಲಿಯವನೋ ಮಂತ್ರಿಯೋ ಅಂತ ಅಂಗಡಿಯವನು ಕೇಳುವುದಿಲ್ಲ. ಬಡವನ ತೆರಿಗೆಯಿಂದ ತಪ್ಪಿಸಿಕೊಳ್ಳೋಕೆ ಹಿಂಬಾಗಿಲಿಲ್ಲ. ಹಿಂಬಾಗಿಲು ಇರೋದು ಯಾರಿಗೆ? ಅದನ್ನು ಇಟ್ಟುಕೊಟ್ಟೋರು ಯಾರು? ಇವತ್ತು ಕೇಳಬೇಕಾದ್ದು ಇದು. ಅದಕ್ಕೆ ಇಂಗ್ಲೆಂಡಿನ ಕಥೆ ಹೇಳುತ್ತೇನೆ. ಅಷ್ಟು ದೂರ ಯಾಕೆ ಅಂದರೆ, ನಮ್ಮ ಕೋರ್ಟುಗಳು ಈ ಪಾಠ ಕಲಿತದ್ದೇ ಅಲ್ಲಿಂದ.

ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಅಂತ ಒಬ್ಬ ಭಾರಿ ಶ್ರೀಮಂತ. ಅವನ ತೋಟಕ್ಕೊಬ್ಬ ಮಾಲಿ. ಮಾಲಿಗೆ ಕೊಟ್ಟ ಕೂಲಿಯನ್ನು ಡ್ಯೂಕ್ ತನ್ನ ಆದಾಯದಲ್ಲಿ ಕಳೆದು ತೋರಿಸುವ ಹಾಗಿರಲಿಲ್ಲ. ವಕೀಲರು ಕೂತು ಒಂದು ಪತ್ರ ಮಾಡಿದರು: ಇದು ಕೂಲಿಯಲ್ಲ, ಹಿಂದೆ ಮಾಡಿದ ಸೇವೆಗೆ ಮೆಚ್ಚಿ ಕೊಡುವ ಹಣ. ಮಾಲಿ ಅದೇ ತೋಟದಲ್ಲಿ ದುಡಿಯುತ್ತಲೇ ಇದ್ದ. ದುಡ್ಡಿನ ಹೆಸರು ಬದಲಾಯಿತು, ದೊರೆಯ ಮೇಲ್ತೆರಿಗೆ ಇಳಿಯಿತು. 1935ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದು ಸರಿ ಅಂದಿತು. ತನ್ನ ವ್ಯವಹಾರವನ್ನು ತೆರಿಗೆ ಕಡಿಮೆ ಬರುವ ಹಾಗೆ ಜೋಡಿಸಿಕೊಳ್ಳೋದು ಪ್ರತಿಯೊಬ್ಬನ ಹಕ್ಕಂತೆ. ಪ್ರತಿಯೊಬ್ಬ ಅಂದರೆ ಮಾಲಿಯೂ ಸೇರಿದನಾ? ಅವನೇನು ಜೋಡಿಸಿಕೊಳ್ಳಬೇಕು? ಗುದ್ದಲಿಯನ್ನಾ?

ಇವತ್ತಿಗೆ ಡ್ಯೂಕ್ ಆಗಬೇಕಾಗಿಲ್ಲ, ಒಂದು ಕಂಪನಿ ಸಾಕು. ಕಂಪನಿ ಅಂದರೆ ಫ್ಯಾಕ್ಟರಿ, ಸೈರನ್ನು ಅಂತ ತಿಳಿಯಬೇಡಿ. ಒಬ್ಬ ಮನುಷ್ಯ, ಅವನ ಹೆಂಡತಿ, ಒಂದು ನೋಂದಣಿ ನಂಬರು, ಒಬ್ಬ ಲೆಕ್ಕಿಗ. ಭಾಷಣ ಮಾಡೋನು ಅವನೇ, ಆದರೆ ದುಡ್ಡು ಹೋಗೋದು ಕಂಪನಿಗೆ. 2011–12ರ ಬ್ರಿಟನ್ನಿನ ಲೆಕ್ಕ ನೋಡಿ. ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್ ದಾಟಿದ ವೈಯಕ್ತಿಕ ಆದಾಯಕ್ಕೆ ನೂರಕ್ಕೆ 50 ತೆರಿಗೆ. ಸಣ್ಣ ಕಂಪನಿಯ ಲಾಭಕ್ಕೆ ನೂರಕ್ಕೆ 20. ದುಡ್ಡನ್ನು ಕಂಪನಿಯೊಳಗೇ ಬಿಟ್ಟು ಬೇಕಾದಾಗ ಬೇಕಾದಷ್ಟು ತೆಗೆಯಬಹುದು. ಹೆಂಡತಿಯ ಹೆಸರಲ್ಲಿ ಷೇರಿದ್ದರೆ ಲಾಭ ಇಬ್ಬರಿಗೂ ಹಂಚಿ ಮೇಲಿನ ದರದಿಂದ ಜಾರಿಕೊಳ್ಳಬಹುದು. ಸಂಬಳದಲ್ಲಿ ಕಡಿಯುವ ನ್ಯಾಷನಲ್ ಇನ್ಶೂರೆನ್ಸ್ ಈ ಡಿವಿಡೆಂಡಿನ ಮೇಲೆ ಇಲ್ಲವೇ ಇಲ್ಲ. ಅತ್ತ ಲಂಡನ್ನಿನ ಬಸ್ ಡ್ರೈವರಿಗೆ? 1944ರಿಂದ ಅಲ್ಲಿ ಸಂಬಳ ಕೈಗೆ ಬರೋ ಮೊದಲೇ ತೆರಿಗೆ ಕಡಿಯುವ ಪದ್ಧತಿ. ಉಳಿದದ್ದನ್ನು ಅಂಗಡಿಗೆ ಒಯ್ದರೆ ಬಹುಪಾಲು ಸಾಮಾನಿನ ಮೇಲೆ ನೂರಕ್ಕೆ 20 ವ್ಯಾಟ್.

ಈಗ ಕೆನ್ ಲಿವಿಂಗ್‌ಸ್ಟನ್ ಅವರ ವಿಷಯ. ಇವರು ಡ್ಯೂಕಲ್ಲ, ಎಡಪಂಥೀಯ. 1981ರಿಂದ 86ರವರೆಗೆ ಲಂಡನ್ ನಗರಾಡಳಿತದ ನಾಯಕ, 2000ದಿಂದ 2008ರವರೆಗೆ ಮೇಯರ್. ಬಸ್ ದರ ಇಳಿಸಲು ಹೋರಾಡಿದವರು, ಕರಿಯರ ಪರ, ವರ್ಣಭೇದದ ವಿರುದ್ಧ ನಿಂತವರು. ನಾವು ಅಲ್ಲಿದ್ದಿದ್ದರೆ ಬಹುಶಃ ಅವರಿಗೇ ಓಟು ಹಾಕುತ್ತಿದ್ದೆವು. 2009ರಲ್ಲಿ ಅವರೇ ಪತ್ರಿಕೆಯಲ್ಲಿ ಶ್ರೀಮಂತರನ್ನು ಹಿಗ್ಗಾಮುಗ್ಗಾ ಬೈದು ಬರೆದರು: ಪೂರ್ತಿ ತೆರಿಗೆ ಕಟ್ಟದವರಿಗೆ ಪಾರ್ಲಿಮೆಂಟಿನಲ್ಲಿ ಜಾಗವಿರಲಿ, ಓಟಿನ ಹಕ್ಕೂ ಇರಬಾರದು ಅಂತ. 2012ರಲ್ಲಿ ಅವರು ಮತ್ತೆ ಮೇಯರ್ ಚುನಾವಣೆಗೆ ನಿಂತಾಗ ಗೊತ್ತಾಯಿತು, ಅವರ ಭಾಷಣ ಬರವಣಿಗೆಗಳ ದುಡ್ಡು ಹೋಗುತ್ತಿದ್ದುದು ಸಿಲ್ವೆಟಾ ಅನ್ನೋ ತಮ್ಮದೇ ಕಂಪನಿಗೆ. ಷೇರುದಾರರು ಅವರು ಮತ್ತು ಅವರ ಹೆಂಡತಿ. ಇದರಲ್ಲಿ ಕಾನೂನು ಮೀರಿದ್ದು ಏನೂ ಇರಲಿಲ್ಲ. ಸಣ್ಣ ವ್ಯವಹಾರ ನಡೆಸೋರೆಲ್ಲ ಮಾಡೋದನ್ನೇ ನಾನೂ ಮಾಡಿದ್ದೇನೆ ಅಂದರು. ಇರಬಹುದು. ಆದರೆ ಸಣ್ಣ ವ್ಯವಹಾರ ನಡೆಸೋರೆಲ್ಲ ಬೇರೆಯವರ ಓಟು ಕಿತ್ತುಕೊಳ್ಳಿ ಅಂತ ಪೇಪರಿನಲ್ಲಿ ಬರೆದಿರಲಿಲ್ಲ.

ಎದುರಾಳಿ ಬೋರಿಸ್ ಜಾನ್ಸನ್ ಸಾಚಾ ಬಡವನೇನಲ್ಲ. ಮೇಯರಾಗಿದ್ದುಕೊಂಡೇ ಪತ್ರಿಕೆಗೆ ಅಂಕಣ ಬರೆದು ವರ್ಷಕ್ಕೆ ಎರಡೂವರೆ ಲಕ್ಷ ಪೌಂಡ್ ತಗೊಂಡು, ಅದನ್ನು ಪುಡಿಗಾಸು ಅಂದ ಮನುಷ್ಯ. ಆದರೂ ಆ ವಸಂತದಲ್ಲಿ ಅವರು ಎದುರಾಳಿಯತ್ತ ಬೆರಳು ತೋರಿಸಲು ಸಾಧ್ಯವಾಯಿತು. ಅಭ್ಯರ್ಥಿಗಳು ತಮ್ಮ ತೆರಿಗೆ ಲೆಕ್ಕ ಹೊರಗಿಡಬೇಕಾಯಿತು. ಮೇ 3ರ ಚುನಾವಣೆಯಲ್ಲಿ ಜಾನ್ಸನ್ ಗೆದ್ದರು. ಇದೊಂದೇ ಕಾರಣಕ್ಕೆ ಗೆದ್ದರು ಅಂತ ನಾನು ಹೇಳುತ್ತಿಲ್ಲ. ಬಡವರ ಪರ ಅಂದವರ ಬಾಯಿ ಕಟ್ಟಿಹೋಯಿತು ಅಂತ ಹೇಳುತ್ತಿದ್ದೇನೆ. ಆ ನಷ್ಟ ಲಿವಿಂಗ್‌ಸ್ಟನ್ ಒಬ್ಬರದಲ್ಲ.

ವಿದ್ಯಾರ್ಥಿಗಳು ಕೇಳಲೇಬೇಕಾದ ಇನ್ನೊಂದು ಸಂಗತಿ. ಅದೇ 2012ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕದ ಮಿತಿ ವರ್ಷಕ್ಕೆ 9,000 ಪೌಂಡಿಗೆ ಏರಿತು. ಶುಲ್ಕ ಏರಿಕೆಗೆ ವಿರುದ್ಧ ಓಟು ಹಾಕುತ್ತೇವೆ ಅಂತ ಚುನಾವಣೆಗೆ ಮುಂಚೆ ಸಹಿ ಮಾಡಿ ಕೊಟ್ಟಿದ್ದ ಲಿಬರಲ್ ಡೆಮಾಕ್ರಟರೂ ಸರ್ಕಾರದಲ್ಲಿದ್ದರು. ಹುಡುಗರಿಗೆ ಸಾಲ ಕೊಡಲು ಸರ್ಕಾರದ್ದೇ ಒಂದು ಸಂಸ್ಥೆಯಿದೆ. ಅದರ ಮುಖ್ಯಸ್ಥರ ಸಂಬಳವೇ ತೆರಿಗೆ ಕಡಿಯದೆ ಖಾಸಗಿ ಕಂಪನಿಯ ಮೂಲಕ ಹೋಗುತ್ತಿದೆ ಅಂತ ಫೆಬ್ರವರಿಯಲ್ಲಿ ಬಯಲಾಯಿತು. ಸರ್ಕಾರ ಹುಡುಕಿಸಿದಾಗ ಹೀಗೆ ಸಂಬಳದ ಪಟ್ಟಿಯ ಹೊರಗಿದ್ದವರು 2,400ಕ್ಕೂ ಹೆಚ್ಚು ಮಂದಿ ಸಿಕ್ಕಿದರು. ನೌಕರ ಕಂಪನಿಯ ವೇಷ ಹಾಕೋದನ್ನು ತಡೆಯಲೆಂದೇ 2000ದಲ್ಲಿ ಅದೇ ಪಾರ್ಲಿಮೆಂಟು ಕಾನೂನು ಮಾಡಿತ್ತು. ಅದನ್ನು ತನ್ನ ಕಚೇರಿಗಳಲ್ಲಿ ಬಿಗಿ ಮಾಡಲು 2017ರ ಏಪ್ರಿಲ್ ಬರಬೇಕಾಯಿತು. ವಿದ್ಯಾರ್ಥಿಯ ಸಾಲದ ಕಂತು ಮಾತ್ರ ಸಂಬಳದಲ್ಲೇ ಕಡಿತವಾಗುತ್ತದೆ. ಅವನಿಗೆ ಕಂಪನಿ ಇಲ್ಲವಲ್ಲ!

ನಮ್ಮ ಸುಪ್ರೀಂ ಕೋರ್ಟಿನಲ್ಲಿ 1985ರಲ್ಲಿ ಒಂದು ಹೆಂಡದ ಕಂಪನಿಯ ಕೇಸು ಬಂತು, ಮೆಕ್‌ಡೊವೆಲ್ ಕೇಸು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಆ ಡ್ಯೂಕನ ತೀರ್ಪಿನ ದಾರಿ ಬಿಡಬೇಕು ಅಂದರು. ಚತುರರು ಇಳಿಸಿದ ಹೊರೆ ಕೊನೆಗೆ ಸಾಮಾನ್ಯ ಪ್ರಜೆಯ ಹೆಗಲ ಮೇಲೆ ಕೂರುತ್ತದೆ ಅನ್ನೋ ಅರ್ಥದ ಮಾತು ಬರೆದರು. ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರು ಇವರೇ. ಆದರೆ 2003ರಲ್ಲಿ ಮಾರಿಷಸ್ ಒಪ್ಪಂದದ ಕೇಸಿನಲ್ಲಿ ಅದೇ ಕೋರ್ಟು ಆ ಮಾತಿನ ಬಿಗಿ ಸಡಿಲಿಸಿತು. ಡ್ಯೂಕ್ ಸುಲಭಕ್ಕೆ ಸಾಯೋನಲ್ಲ.

ಗೆಳೆಯರೇ, "ಕಾನೂನು ಪ್ರಕಾರವೇ ಮಾಡಿದ್ದೇನೆ" ಅನ್ನೋ ಮಾತನ್ನು ಒಬ್ಬ ಅಂಗಡಿಯವನು ಆಡಿದರೆ ಕೇಳಿಕೊಳ್ಳೋಣ. ಕಾನೂನು ಮಾಡೋ ಮನೆಯಲ್ಲಿ ಕೂತೋನು, ಕೂರೋಕೆ ಓಟು ಕೇಳೋನು ಆಡಿದರೆ ಒಪ್ಪಬಾರದು. ಬೇಲಿಯ ಸಂದು ಅವನಿಗೆ ಗೊತ್ತು. ಮುಚ್ಚೋ ಕೈಯೂ ಅವನದೇ. ಮುಚ್ಚದೆ ತಾನೇ ನುಸುಳಿ, ಆಮೇಲೆ ವೇದಿಕೆ ಹತ್ತಿ ಬೇರೆ ಕಳ್ಳರನ್ನು ಬೈದರೆ ಆ ಬೈಗುಳಕ್ಕೆ ಬೆಲೆಯಿಲ್ಲ.

ಇನ್ನೊಂದು ಮಾತು ಕಷ್ಟದ್ದು. ನಮ್ಮ ವಿರೋಧಿಯನ್ನು ಪ್ರಶ್ನೆ ಕೇಳೋದು ಸುಲಭ, ಚಪ್ಪಾಳೆಯೂ ಬೀಳುತ್ತೆ. ನಮ್ಮ ಪರ ಮಾತಾಡೋನನ್ನು ಕೇಳೋದು ಕಷ್ಟ. "ಇರೋನು ಒಬ್ಬ, ಅವನನ್ನೂ ಕಳಕೊಂಡರೆ?" ಅನ್ನಿಸುತ್ತೆ. ಆದರೆ ನಾವು ಮೊದಲೇ ಕೇಳದಿದ್ದರೆ ಚುನಾವಣೆಯ ಹೊತ್ತಿಗೆ ಎದುರಾಳಿ ಕೇಳುತ್ತಾನೆ, ಅವನಿಗೆ ಬೇಕಾದ ಹಾಗೆ ಕೇಳುತ್ತಾನೆ. ಆಗ ಸೋಲೋದು ನಾಯಕನೊಬ್ಬನೇ ಅಲ್ಲ, ಅವನ ಬಾಯಲ್ಲಿದ್ದ ನಮ್ಮ ಬೇಡಿಕೆಯೂ ಸೋಲುತ್ತೆ.

ಅದಕ್ಕೇ ಮುಂದಿನ ಸಲ ಹಾಸ್ಟೆಲಿಗೆ ಯಾರೇ ನಾಯಕರು ಬಂದು ಶ್ರೀಮಂತರನ್ನು ಬೈದರೆ ಚಪ್ಪಾಳೆಗೆ ಮುಂಚೆ ಎದ್ದು ನಿಂತು ಕೇಳಿ: "ಅಣ್ಣಾ, ನಿಮ್ಮ ದುಡ್ಡು ಯಾರ ಹೆಸರಲ್ಲಿ ಬರುತ್ತೆ? ಅದಕ್ಕೆ ತೆರಿಗೆ ಎಷ್ಟು ಕಟ್ಟಿದಿರಿ?" ಉತ್ತರ ಕೊಟ್ಟೋರನ್ನು ಕೂರಿಸಿ ಮಾತಾಡೋಣ. ಕೇಳಿದ್ದಕ್ಕೆ ಸಿಟ್ಟಾದೋರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರೋಣ.