ತಾ ಮಾಡಿದ್ದೇ ಉತ್ತಮವೇ?



ಆಫೀಸಿನಲ್ಲಿ ತಂಡ ನಡೆಸುವಾಗ ದಿನನಿತ್ಯ ಎದುರಾಗುವ ತೊಡಕುಗಳ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ದೊಡ್ಡ ಭಾಷಣ ನನಗೆ ಬರುವುದಿಲ್ಲ. ನಾನು ಮಾಡಿದ ಒಂದು ತಪ್ಪನ್ನೇ ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ನಾನಿರುವುದು ಶಿರೂರಿನಲ್ಲಿ. ನಮ್ಮ ಬೈಂದೂರು ಕಡೆಯ ಶಿರೂರಲ್ಲ, ಪುಣೆ ಜಿಲ್ಲೆಯದು. ಘೋಡ್ ನದಿಯ ದಡದಲ್ಲಿರುವುದರಿಂದ ಇಲ್ಲಿಯವರು ಘೋಡನದಿ ಎಂದೂ ಕರೆಯುತ್ತಾರೆ. ಯಜಮಾನರಿಗೆ ರಾಂಜಣಗಾಂವ್ ಎಂಐಡಿಸಿಯಲ್ಲಿ ಕೆಲಸ. ನಾನು ವಾರದಲ್ಲಿ ಎರಡು ದಿನ ನಗರ ರಸ್ತೆಯ ಟ್ರಾಫಿಕ್ ದಾಟಿ ಖರಾಡಿಯ ಆಫೀಸಿಗೆ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ ಕೆಲಸ.

ಮಗ ಹುಟ್ಟಿ ರಜೆ ಮುಗಿಸಿ ಬಂದ ಮೇಲೆ ನನ್ನನ್ನು ಟೀಮ್ ಲೀಡ್ ಮಾಡಿದರು. 2017ರ ಕಾನೂನು ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದೆ. ಆದರೆ ವಾಪಸು ಬಂದವಳ ಮನಸ್ಸಿನಲ್ಲಿರುವ ಭಯಕ್ಕೆ ಕಾನೂನಿಲ್ಲ. "ಮಗುವಾಯಿತಲ್ಲ, ಇನ್ನು ಇವಳ ಕೈಲಿ ಆಗದು" ಎಂದು ಯಾರಾದರೂ ಅಂದುಕೊಂಡಾರು ಎಂದು ನನಗೆ ಒಳಗೊಳಗೇ ದಿಗಿಲು. ಎಂಟೆಕ್‌ನಲ್ಲಿ ಅಲ್ಗಾರಿದಮ್ ಕಲಿಸಿದ್ದರು, ಒಂಬತ್ತು ಜನರಿಂದ ಕೆಲಸ ಮಾಡಿಸುವುದನ್ನು ಕಲಿಸಿರಲಿಲ್ಲ. ನನಗೆ ಗೊತ್ತಿದ್ದದ್ದು ಅವ್ವ ಹೇಳುತ್ತಿದ್ದ ಗಾದೆ: ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ.

ಅದನ್ನೇ ಪಾಲಿಸಿದೆ. ತಂಡದವರು ಸಂಜೆ ಕಳಿಸಿದ ಕೋಡ್ ನೋಡುವುದು, ಸರಿಯಿಲ್ಲ ಅನಿಸಿದರೆ ಮಗ ಮಲಗಿದ ಮೇಲೆ ನಾನೇ ತಿದ್ದಿ ಬರೆಯುವುದು. ಕೆಲಸ ಸಮಯಕ್ಕೆ ಮುಗಿಯುತ್ತಿತ್ತು. ಮ್ಯಾನೇಜರ್ ಖುಷಿ, ಕ್ಲೈಂಟ್ ಖುಷಿ. ನಾನು ಮಾತ್ರ ನಾಲ್ಕೈದು ಗಂಟೆ ನಿದ್ದೆಯಲ್ಲಿ ದಿನ ತಳ್ಳುತ್ತಿದ್ದೆ.

ಒಂದು ಶುಕ್ರವಾರ ರಾತ್ರಿ ರಿಲೀಸ್ ಇತ್ತು. ಅಂದೇ ಶಿರೂರಿನಲ್ಲಿ ಜೋರು ಮಳೆ. ಕರೆಂಟ್ ಹೋಯಿತು, ಇನ್ವರ್ಟರ್ ಕೈಕೊಟ್ಟಿತು, ಮೊಬೈಲ್ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಮಗನಿಗೆ ಬೇರೆ ಜ್ವರ. ತಂಡದವರು ಆನ್‌ಲೈನ್‌ನಲ್ಲಿ ಕಾಯುತ್ತಲೇ ಇದ್ದರು. ಅವರದೇ ಹೆಸರಿನಲ್ಲಿದ್ದ ಕೋಡ್ ಅವರಿಗೇ ಗುರುತು ಸಿಗಲಿಲ್ಲ, ಏಕೆಂದರೆ ಬರೆದವಳು ನಾನು. ರಿಲೀಸ್ ಮುಂದಕ್ಕೆ ಹೋಯಿತು.

ಸೋಮವಾರ ಎಲ್ಲರನ್ನೂ ಕೇಳಿದೆ, "ಒಬ್ಬರಿಗೂ ತಿಳಿಯಲಿಲ್ಲವಾ?" ಯಾರೂ ಮಾತಾಡಲಿಲ್ಲ. ಮೀಟಿಂಗ್ ಮುಗಿದ ಮೇಲೆ ತಂಡದ ಅತ್ಯಂತ ಕಿರಿಯ ಹುಡುಗಿ ಬಂದಳು. ಆಫೀಸಿನಲ್ಲಿ ಉಳಿದವರು ಹೆಸರು ಹಿಡಿದು ಕರೆದರೂ ಅವಳು ನನ್ನನ್ನು 'ತಾಈ' ಎನ್ನುತ್ತಾಳೆ, ಮರಾಠಿಯಲ್ಲಿ ಅಕ್ಕ. "ಮಲಾ ಕರೂ ದ್ಯಾ ನಾ, ತಾಈ" ಅಂದಳು. ನನಗೆ ಮಾಡಲು ಬಿಡಿ ಅಕ್ಕಾ ಎಂದು. ಬೇರೆ ಕಡೆ ಕೆಲಸ ಹುಡುಕುತ್ತಿದ್ದೇನೆ, ಇಲ್ಲಿ ತನ್ನಿಂದ ಏನೂ ಆಗುವುದಿಲ್ಲ ಅನಿಸಿಬಿಟ್ಟಿದೆ ಎಂದೂ ಹೇಳಿದಳು. ಅವಳು ಕರೆದದ್ದು ಅಕ್ಕ ಎಂದು. ನಾನು ನಮ್ಮ ಕನ್ನಡದ ತಾಯಿಯೇ ಆಗಿ, ತುತ್ತು ಮಾಡಿ ಬಾಯಿಗಿಡುತ್ತಿದ್ದೆ!

ಅಂದಿನಿಂದ ಕೆಲವು ರೂಢಿ ಬದಲಿಸಿಕೊಂಡೆ. ಬೇರೆಯವರ ಕೋಡ್‌ಗೆ ನಾನು ಕೈಹಾಕುವುದಿಲ್ಲ. ಎಲ್ಲಿ, ಏಕೆ ತಪ್ಪು ಎಂದು ಬರೆದು ಕಳಿಸುತ್ತೇನೆ, ಬರೆದವರೇ ತಿದ್ದುತ್ತಾರೆ. ಬೆಳಗಿನ ಹದಿನೈದು ನಿಮಿಷದ ಮೀಟಿಂಗ್‌ನಲ್ಲಿ "ಎಷ್ಟು ಮುಗಿಯಿತು?" ಎನ್ನುವ ಬದಲು "ಎಲ್ಲಿ ಸಿಕ್ಕಿಕೊಂಡಿದ್ದೀರಿ?" ಎಂದು ಕೇಳುತ್ತೇನೆ. ಮೊದಲು ನನ್ನ ಕಷ್ಟವನ್ನೇ ಹೇಳುತ್ತೇನೆ. ಲೀಡ್ ಬಾಯಿಬಿಟ್ಟರೆ ಉಳಿದವರಿಗೂ ಧೈರ್ಯ. ಹೊಗಳುವುದು ಎಲ್ಲರೆದುರು, ತಪ್ಪು ಹೇಳುವುದು ಒಬ್ಬರನ್ನೇ ಕೂರಿಸಿ.

ಕೆಲಸ ತಡವಾದಾಗ "ಇನ್ನಿಬ್ಬರನ್ನು ಕೊಡಲೇ?" ಎಂದು ಮೇಲಿನವರು ಕೇಳುತ್ತಾರೆ. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಹೊಸಬರಿಗೆ ಹಳಬರೇ ಕಲಿಸಬೇಕು, ಮಾತುಕತೆಯೂ ಹೆಚ್ಚುತ್ತದೆ. ಐದು ಜನರಲ್ಲಿ ಇಬ್ಬಿಬ್ಬರ ಜೋಡಿ 10, ಹತ್ತು ಜನರಾದರೆ 45. ಹಾಗಾಗಿ ಜನ ಕೇಳುವ ಬದಲು, ಯಾವ ಕೆಲಸ ಯಾವ ತಾರೀಖಿಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ಹೇಳುವುದನ್ನು ಕಲಿತೆ. ಇದೇ ನನಗೆ ಅತಿ ಕಷ್ಟವಾದದ್ದು.

ಪುಣೆಯ ಕನ್ನಡತಿಯರಿಗೆ ಸುಧಾ ಮೂರ್ತಿಯವರ ಕಥೆ ಗೊತ್ತೇ ಇದೆ. 1974ರಲ್ಲಿ ಟೆಲ್ಕೋ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವಂತಿಲ್ಲ ಎಂದಿದ್ದನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು. ಪುಣೆಯಲ್ಲಿ ಸಂದರ್ಶನ ಎದುರಿಸಿ ಅಲ್ಲಿನ ಮೊದಲ ಮಹಿಳಾ ಇಂಜಿನಿಯರ್ ಆದರು. ಅವರ ಕಾಲದವರು ಬಾಗಿಲು ತೆರೆಸಿದರು. ಒಳಗೆ ಬಂದಿರುವ ನಾವು "ನಾನು ಅಸಮರ್ಥಳಲ್ಲ" ಎಂದು ತೋರಿಸಲು ದಿನವೂ ಎಲ್ಲರ ಕೆಲಸವನ್ನೂ ತಲೆಯ ಮೇಲೆ ಹೊರಬೇಕಾಗಿಲ್ಲ.

ಆ ಹುಡುಗಿ ಕೆಲಸ ಬಿಡಲಿಲ್ಲ. ಕಳೆದ ರಿಲೀಸ್ ಅವಳೇ ನಡೆಸಿದಳು. ಒಂದು ಬಗ್ ಉಳಿಯಿತು, ಮಾರನೆಯ ದಿನ ಅವಳೇ ಹುಡುಕಿ ಸರಿಮಾಡಿದಳು. ನಾನು ಹತ್ತೂವರೆಗೇ ಮಲಗಿದ್ದೆ. ನಿದ್ದೆ ಬಂತೇ ಎಂದು ಕೇಳಬೇಡಿ, ಎರಡು ಸಲ ಎದ್ದು ಫೋನ್ ನೋಡಿದೆ!

ಮನೆಯಲ್ಲೂ ಪ್ರಯತ್ನ ನಡೆದಿದೆ. ಯಜಮಾನರು ಮಾಡುವ ಚಪಾತಿ ಇನ್ನೂ ದುಂಡಗಾಗಿಲ್ಲ. ಆದರೂ ಲಟ್ಟಣಿಗೆ ಕಸಿದುಕೊಳ್ಳದೆ ಸುಮ್ಮನೆ ತಿನ್ನುತ್ತಿದ್ದೇನೆ.