ಕಣ್ಣಿನ ಪಾಪೆಯನ್ನು ನೋಡಿರಿ



ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಮನೆಯವರೊಬ್ಬರು ಹೊಲದಲ್ಲಿ ಬಿದ್ದರೆ ಅವರ ಕಣ್ಣಿನ ಪಾಪೆಯನ್ನು ನೋಡುವ ರೂಢಿ ಮಾತ್ರ ನಮ್ಮಲ್ಲಿಲ್ಲ.

ಪಾಪೆಯೆಂದರೆ ಕಣ್ಣಿನ ನಡುವಿನ ಕರಿಯ ದುಂಡು ಕಿಂಡಿ. ಬೆಳಕಿಗೆ ಅದು ಕುಗ್ಗುತ್ತದೆ, ಕತ್ತಲೆಗೆ ಹಿಗ್ಗುತ್ತದೆ. ಒಂದು ಕಣ್ಣಿಗೆ ಬೆಳಕು ಬಿಟ್ಟರೂ ಎರಡೂ ಪಾಪೆಗಳು ಕುಗ್ಗಬೇಕು. ನಮ್ಮವರ ಕಣ್ಣು ಕಪ್ಪಾದ್ದರಿಂದ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಆರೋಗ್ಯವಂತರಲ್ಲಿಯೂ ಕೆಲವರಿಗೆ ಎರಡು ಪಾಪೆಗಳಲ್ಲಿ ಅಲ್ಪ ಹೆಚ್ಚುಕಡಿಮೆ ಇರುವುದುಂಟು. ಇಂದು ರಾತ್ರಿ ಮನೆಯವರ ಕಣ್ಣುಗಳನ್ನು ನೋಡಿಕೊಂಡರೆ ಸಹಜವಾದದ್ದು ಯಾವುದೆಂದು ತಿಳಿಯುತ್ತದೆ.

ಮೊದಲು ಬೆಳೆಗೆ ಔಷಧಿ ಹೊಡೆಯುವವರ ಮಾತು. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಮುಂತಾದವು ಬಾಯಿಂದಷ್ಟೇ ಅಲ್ಲ, ಚರ್ಮದಿಂದಲೂ ಮೈಗೆ ಇಳಿಯುತ್ತವೆ. ಆಗ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ. ಬೆವರು, ಜೊಲ್ಲು, ಕಣ್ಣೀರು ಸುರಿಯುತ್ತವೆ, ಎದೆ ಗೊರಗುಟ್ಟುತ್ತದೆ, ಮಾಂಸಖಂಡಗಳು ಅದುರುತ್ತವೆ. ಬಿಸಿಲು ಬಡಿಯಿತೆಂದು ಮಜ್ಜಿಗೆ ಕುಡಿಸಿ ಮಲಗಿಸಿದರೆ ಜೀವಕ್ಕೇ ಅಪಾಯ. ಬಟ್ಟೆ ಕಳಚಿ ಸೋಪು ನೀರಿನಲ್ಲಿ ಮೈ ತೊಳೆಯಿರಿ. ತೊಳೆಯುವವರು ಕೈಗೆ ಚೀಲ ಕಟ್ಟಿಕೊಳ್ಳಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿಕೊಂಡು, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಅಟ್ರೋಪಿನ್ ಚುಚ್ಚುತ್ತಾರೆ.

ವಿಚಿತ್ರವೇನೆಂದರೆ, ಆ ಅಟ್ರೋಪಿನ್ನಿನ ಬಳಗದ ವಿಷವೇ ನಮ್ಮ ಬೇಲಿಯ ಉಮ್ಮತ್ತಿಯಲ್ಲಿದೆ. ಮಕ್ಕಳು ಅದರ ಬೀಜ ತಿಂದರೆ ಎರಡೂ ಪಾಪೆಗಳು ಅಗಲವಾಗುತ್ತವೆ, ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಬಡಬಡಿಸುತ್ತಾರೆ. ಇದನ್ನು ದೆವ್ವವೆಂದು ತಿಳಿದು ಹೊತ್ತು ಕಳೆಯಬೇಡಿ. ಕಳೆ ಕೀಳುವಾಗ ಅದರ ರಸ ತಾಗಿದ ಕೈಯಿಂದ ಕಣ್ಣುಜ್ಜಿದರೆ ಆ ಒಂದೇ ಪಾಪೆ ದೊಡ್ಡದಾಗಿ ನೋಟ ಮಂಜಾಗುತ್ತದೆ. ಆದರೆ ಅಂಥವನು ಎಚ್ಚರವಾಗಿ ಓಡಾಡಿಕೊಂಡಿರುತ್ತಾನೆ.

ತಲೆಗೆ ಪೆಟ್ಟು ಬಿದ್ದವನ ವಿಷಯ ಹಾಗಲ್ಲ. ತೆಂಗಿನ ಮರದಿಂದಲೋ ಮೋಟಾರು ಸೈಕಲ್ಲಿನಿಂದಲೋ ಬಿದ್ದವನು ಎದ್ದು ಕೂತು ಮಾತನಾಡಬಹುದು. "ಏನೂ ಆಗಿಲ್ಲ, ಬಿಡಿ" ಎಂದೂ ಅಂದಾನು. ತಲೆಯೊಳಗೆ ರಕ್ತ ಕಟ್ಟುತ್ತಿದ್ದರೆ ಕೆಲವು ಗಂಟೆಗಳಲ್ಲಿ ತಲೆನೋವು, ವಾಂತಿ, ತೂಕಡಿಕೆ ಬರುತ್ತವೆ. ಆಮೇಲೆ ಒಂದು ಕಡೆಯ ಪಾಪೆ ಹಿಗ್ಗಿ, ಬೆಳಕಿಗೆ ಅಲುಗದೆ ನಿಲ್ಲುತ್ತದೆ, ಕೈಕಾಲು ಸೋಲಬಹುದು. ಒಳಗಿನ ಒತ್ತಡ ಕಣ್ಣಿನ ನರವನ್ನು ಅದುಮಿದ ಗುರುತು ಇದು. ಪಾಪೆ ಹಿಗ್ಗಲೆಂದು ಕಾಯುತ್ತ ಕೂರಬೇಡಿ. ವಾಂತಿ, ತೂಕಡಿಕೆ ಕಂಡಾಗಲೇ 108ಕ್ಕೆ ಫೋನು ಮಾಡಿರಿ. ನಿದ್ದೆ ಬಂದಿದೆ, ಮಲಗಲಿ ಎಂದು ಬಿಟ್ಟು ಹೋಗಬಾರದು.

ಕಡೆಯದಾಗಿ ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗ್ಗೆ ರೆಪ್ಪೆ ಜೋತುಬಿದ್ದು, ವಸ್ತು ಎರಡಾಗಿ ಕಂಡು, ಉಗುಳು ನುಂಗಲಾಗದಿದ್ದರೆ ಇದನ್ನು ನೆನೆಯಿರಿ. ವಿಷ ಏರಿದಾಗ ಪಾಪೆಗಳು ಅಲುಗದೆ ನಿಂತು, ಮನುಷ್ಯ ಸತ್ತಂತೆಯೇ ಕಾಣುವುದುಂಟು. ಸತ್ತನೆಂದು ನೀವೇ ತೀರ್ಮಾನಿಸಬೇಡಿ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಊದುತ್ತಲೇ ಆಸ್ಪತ್ರೆಗೆ ಸಾಗಿಸಿರಿ. ಯಂತ್ರದಿಂದ ಉಸಿರಾಡಿಸಿ, ಹಾವಿನ ವಿಷದ ಮದ್ದು ಕೊಟ್ಟು ಅಂಥವರನ್ನು ಬದುಕಿಸಿದ್ದಾರೆ.